ಕಿವುಡರ ಗುರು ಲೋರಾಂ ಕ್ಲೇರ್

ಕಿವಿ ಕೇಳದ ಮಗುವಿಗೆ ಮಾತು ಬಾರದು, ಮಾತು ಬಾರದವನಿಗೆ ವಿದ್ಯೆ ಹತ್ತದು ಎಂದು ಜಗತ್ತು ಬಹುಕಾಲ ನಂಬಿತ್ತು. ಅಂತಹ ಮಗು ಹುಟ್ಟಿದರೆ ತಂದೆತಾಯಿಗಳು ಅದಕ್ಕೆ ಊಟ ಬಟ್ಟೆಗಳನ್ನು ಕೊಟ್ಟು ಸಾಕುತ್ತಿದ್ದರು. ದನ ಕಾಯುವುದು, ನೀರು ಹೊರುವುದು ಮುಂತಾದ ಕೆಲಸಗಳನ್ನು ಅದರಿಂದ ಮಾಡಿಸುತ್ತಿದ್ದರು. ಅದನ್ನು ಪಾಠಶಾಲೆಗೆ ಕಳುಹಿಸುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ದೋಷವಿದ್ದದ್ದು ಕಿವಿಯಲ್ಲಿ ಮಾತ್ರ, ಬುದ್ಧಿಯಲ್ಲಲ್ಲ ಎಂಬುದನ್ನು ತನ್ನ ಬಾಳಿನಿಂದಲೇ ತೋರಿಸಿಕೊಟ್ಟವರಲ್ಲಿ ಫ್ರಾನ್ಸ್ ದೇಶದ ಲೋರಾಂ ಕ್ಲೇರ್ ಪ್ರಮುಖರು. ಅವರು ಸ್ವತಃ ಕಿವುಡರು. ತಾವು ಕಲಿತದ್ದಲ್ಲದೆ ಉಪಾಧ್ಯಾಯರಾಗಿ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಕಲಿಸಿದರು. ಸಮುದ್ರ ದಾಟಿ ಹೋಗಿ ಅಮೆರಿಕದಲ್ಲಿ ಕಿವುಡ ಮಕ್ಕಳ ವಿದ್ಯಾಭ್ಯಾಸಕ್ಕೆ ಅಡಿಪಾಯ ಹಾಕಿದರು. ಅವರ ಬಾಳಿನ ಕತೆ ವಿದ್ಯಾರ್ಥಿಗಳೂ ಪೋಷಕರೂ ತಿಳಿಯಬೇಕಾದದ್ದು.

ಬಾಲ್ಯ

ಲೋರಾಂ ಕ್ಲೇರ್ ಹುಟ್ಟಿದ್ದು 1785ನೆಯ ಇಸವಿ ಡಿಸೆಂಬರ್ 26ರಂದು. ಫ್ರಾನ್ಸಿನ ಆಗ್ನೇಯ ಭಾಗದಲ್ಲಿ, ಲಿಯೋನ್ ನಗರಕ್ಕೆ ಹತ್ತಿರವಾದ ಲಾ ಬಾಲ್ಮ್ ಎಂಬುದು ಅವನ ಊರು. ಊರಿನ ಬಳಿ ದೊಡ್ಡ ಗುಹೆಗಳಿವೆ. ತಂದೆ ದಸ್ತಾವೇಜುಗಳನ್ನು ಬರೆದು ದೃಢೀಕರಿಸುವ ನೋಟರಿ. ಊರಿನ ಮೇಯರ್ ಕೂಡ ಆಗಿದ್ದರು. ಮನೆಯಲ್ಲಿ ಬಡತನವಿರಲಿಲ್ಲ, ವಿದ್ಯೆಗೂ ಕೊರತೆಯಿರಲಿಲ್ಲ.

ಮಗುವಿಗೆ ಸುಮಾರು ಒಂದು ವರ್ಷವಾಗಿದ್ದಾಗ ಒಂದು ಅನಾಹುತ ನಡೆಯಿತು. ಒಲೆಯ ಹತ್ತಿರ ಕುರ್ಚಿಯ ಮೇಲೆ ಕೂರಿಸಿದ್ದ ಮಗು ಬೆಂಕಿಗೆ ಬಿದ್ದಿತು. ಬಲಗೆನ್ನೆ ಸುಟ್ಟು ಶಾಶ್ವತವಾದ ಕಲೆ ಉಳಿಯಿತು. ಸ್ವಲ್ಪ ಕಾಲದ ಮೇಲೆ ಮಗುವಿಗೆ ಕಿವಿ ಕೇಳಿಸುವುದಿಲ್ಲ, ವಾಸನೆಯೂ ತಿಳಿಯುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಾಯಿತು. ಇದೆಲ್ಲ ಆ ಅಪಘಾತದಿಂದಲೇ ಆಯಿತೆಂದು ಅವರು ತಿಳಿದರು. ಹುಟ್ಟಿನಿಂದಲೇ ಹಾಗಿದ್ದಿರಲೂಬಹುದು ಎಂದು ಕ್ಲೇರ್ ಮುಂದೆ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ.

ಮಗನಿಗೆ ಕಿವಿ ಬರಲಿ ಎಂದು ತಾಯಿ ಪಡದ ಪಾಡಿಲ್ಲ. ಅವನಿಗೆ ಏಳು ವರ್ಷವಾದಾಗ ಲಿಯೋನ್ ನಗರದ ವೈದ್ಯನೊಬ್ಬನ ಬಳಿಗೆ ಕರೆದುಕೊಂಡು ಹೋದಳು. ವೈದ್ಯನು ದಿನಕ್ಕೆ ಎರಡು ಸಲದಂತೆ ಹದಿನೈದು ದಿನ ಹುಡುಗನ ಕಿವಿಗಳಿಗೆ ಏನೇನೋ ದ್ರವಗಳನ್ನು ಹಾಕಿದನು. ಪ್ರಯೋಜನವಾಗಲಿಲ್ಲ. ತಾಯಿಯೂ ಮಗನೂ ಹೋದ ಹಾಗೆಯೇ ಊರಿಗೆ ಹಿಂತಿರುಗಿದರು.

ಹನ್ನೆರಡನೆಯ ವರ್ಷದವರೆಗೆ ಹುಡುಗನಿಗೆ ಅಕ್ಷರದ ಗಂಧವಿರಲಿಲ್ಲ. ಊರಿನ ಗುಹೆಗಳಲ್ಲಿ ಅಲೆದಾಡುವುದು, ಹಸುಗಳನ್ನು ಹುಲ್ಲುಗಾವಲಿಗೆ ಅಟ್ಟುವುದು, ಟರ್ಕಿ ಕೋಳಿಗಳನ್ನು ಕಾಯುವುದು, ತಂದೆಯ ಕುದುರೆಗೆ ನೀರು ಕುಡಿಸುವುದು ಇವೇ ಅವನ ದಿನಚರಿ. ಮನೆಯವರ ಜೊತೆ ಕೈಸನ್ನೆ ಬಾಯಿಸನ್ನೆಗಳಿಂದ ಹೇಗೋ ವ್ಯವಹಾರ ನಡೆಯುತ್ತಿತ್ತು. ಬರೆಯುವುದೆಂದರೇನು, ಪುಸ್ತಕದಲ್ಲಿ ಏನಿದೆ ಎಂಬುದನ್ನು ಅವನಿಗೆ ತಿಳಿಸಬಲ್ಲವರು ಯಾರೂ ಅಲ್ಲಿರಲಿಲ್ಲ.

ಪ್ಯಾರಿಸ್ಸಿನ ಪಾಠಶಾಲೆ

ಆ ಕಾಲಕ್ಕೆ ಪ್ಯಾರಿಸ್ ನಗರದಲ್ಲಿ ಒಂದು ಹೊಸ ಬೆಳಕು ಮೂಡಿತ್ತು. ಅಬೆ ದ ಲೆಪೆ ಎಂಬ ಪಾದ್ರಿಯವರು ಸುಮಾರು 1760ರಲ್ಲಿ ಕಿವುಡ ಸಹೋದರಿಯರಿಬ್ಬರಿಗೆ ಪಾಠ ಹೇಳಲು ತೊಡಗಿದರು. ಕಿವುಡರು ತಮ್ಮತಮ್ಮೊಳಗೆ ಸನ್ನೆಗಳಿಂದ ಮಾತನಾಡಿಕೊಳ್ಳುವುದನ್ನು ಅವರು ಗಮನಿಸಿದರು. ಆ ಸನ್ನೆಗಳ ಮೂಲಕವೇ ಓದು ಬರಹ ಕಲಿಸಬಹುದೆಂದು ಕಂಡುಕೊಂಡರು. ಬಡವ ಬಲ್ಲಿದ ಎಂಬ ಭೇದವಿಲ್ಲದೆ ಮಕ್ಕಳನ್ನು ಸೇರಿಸಿಕೊಂಡರು. ತಮ್ಮ ವಿಧಾನವನ್ನು ಗುಟ್ಟಾಗಿ ಇಡದೆ ನೋಡಬಂದವರಿಗೆಲ್ಲ ತೋರಿಸಿದರು. 1789ರಲ್ಲಿ ಅವರು ತೀರಿಕೊಂಡ ಮೇಲೆ, 1791ರಲ್ಲಿ, ಶಾಲೆಯು ಸರಕಾರದ ಸಂಸ್ಥೆಯಾಯಿತು. ಅಬೆ ಸಿಕಾರ್ ಎಂಬವರು ಅದರ ಮುಖ್ಯಸ್ಥರಾದರು.

1797ರಲ್ಲಿ ಸೋದರ ಸಂಬಂಧದ ಹಿರಿಯರೊಬ್ಬರು ಹುಡುಗನನ್ನು ಪ್ಯಾರಿಸ್ಸಿಗೆ ಕರೆತಂದು ಈ ಶಾಲೆಗೆ ಸೇರಿಸಿದರು. ಅವರ ಹೆಸರೂ ಲೋರಾಂ ಕ್ಲೇರ್ ಎಂದೇ. ಶಾಲೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಸನ್ನೆಯ ಹೆಸರಿತ್ತು. ಬೆರಳುಗಳಿಂದ ಬಲಗೆನ್ನೆಯನ್ನು ಸವರಿದರೆ ಅದು ಕ್ಲೇರ್ ಎಂದರ್ಥ. ಬೆಂಕಿಯ ಕಲೆಯೇ ಅವನ ಹೆಸರಾಯಿತು. ಜೀವಮಾನವಿಡೀ ಆ ಹೆಸರನ್ನು ಅವನು ಸಂತೋಷದಿಂದಲೇ ಹೊತ್ತನು.

ಅವನ ಮೊದಲ ಗುರು ಜಾಂ ಮಾಸಿಯ. ಆಗ ಅವರಿಗೆ ಇಪ್ಪತ್ತೈದು ವರ್ಷ. ಮಾಸಿಯ ಕೂಡ ಹುಟ್ಟುಕಿವುಡರು. ಆರು ಮಂದಿ ಒಡಹುಟ್ಟಿದವರೆಲ್ಲ ಕಿವುಡರೇ ಆಗಿದ್ದ ಬಡ ಮನೆಯಿಂದ ಬಂದವರು. ಬಾಲ್ಯದಲ್ಲಿ ಕುರಿ ಕಾಯುತ್ತಿದ್ದರು. ಎಣಿಕೆ ಕಲಿಸುವವರಿಲ್ಲದೆ ಕುರಿಗಳನ್ನು ಬೆರಳಿನಲ್ಲಿ ಎಣಿಸಿ, ಹತ್ತಾದ ಕೂಡಲೇ ಕೋಲಿನ ಮೇಲೆ ಒಂದು ಗೀಟು ಕೆತ್ತುತ್ತಿದ್ದರಂತೆ. ಅಂತಹವರು ಶಾಲೆಗೆ ಬಂದು ಕಲಿತು ಅಲ್ಲಿಯೇ ಉಪಾಧ್ಯಾಯರಾಗಿದ್ದರು. 1792ರ ಕ್ರಾಂತಿಯ ಗಲಭೆಯಲ್ಲಿ ಸಿಕಾರರು ಸೆರೆಯಾದಾಗ, ಗುರುಗಳನ್ನು ಬಿಡಿಸಬೇಕೆಂದು ಶಾಸನಸಭೆಯ ಮುಂದೆ ಮನವಿಪತ್ರ ಒಪ್ಪಿಸಿದವರು ಈ ಮಾಸಿಯ. ಕಿವುಡನು ಕಾಗದ ಬರೆದು ಸರಕಾರದೊಡನೆ ವಾದಿಸಬಲ್ಲ ಎಂಬುದನ್ನು ಆ ದೇಶ ಅಂದು ಕಂಡಿತು.

ಬಾಲಕ ಕ್ಲೇರನ ಮೇಲೆ ಈ ಗುರುವಿನ ಪ್ರಭಾವ ಅಷ್ಟಿಷ್ಟಲ್ಲ. ತನ್ನ ಹಾಗೆಯೇ ಕಿವಿ ಕೇಳದವರೊಬ್ಬರು ಕರಿಹಲಗೆಯ ಮುಂದೆ ನಿಂತು ಪಾಠ ಹೇಳುತ್ತಿದ್ದಾರೆ, ಸಂಬಳ ಪಡೆಯುತ್ತಿದ್ದಾರೆ, ದೊಡ್ಡವರು ಅವರಿಗೆ ಗೌರವ ಕೊಡುತ್ತಿದ್ದಾರೆ. ದೊಡ್ಡವನಾದ ಮೇಲೆ ತಾನು ಏನಾಗಬಹುದು ಎಂಬುದನ್ನು ಹುಡುಗನು ಕಣ್ಣಾರೆ ಕಂಡನು. ಊರಿನಲ್ಲಿ ಹಸು ಅಟ್ಟುತ್ತಿದ್ದಾಗ ಅವನಿಗೆ ಇಂತಹ ಒಂದು ಮಾದರಿ ಇರಲಿಲ್ಲ.

ಶಾಲೆಯಲ್ಲಿ ಕಹಿ ಅನುಭವವೂ ಆಯಿತು. ಬಾಯಿಯಿಂದ ಮಾತನಾಡಿಸಲು ಒಬ್ಬ ಅಧ್ಯಾಪಕರು ಕ್ಲೇರನಿಗೆ ಪ್ರತ್ಯೇಕ ಅಭ್ಯಾಸ ಮಾಡಿಸುತ್ತಿದ್ದರು. ದ ಮತ್ತು ತ ಅಕ್ಷರಗಳ ವ್ಯತ್ಯಾಸ ಅವನ ನಾಲಗೆಗೆ ಹತ್ತಲಿಲ್ಲ. ಕೇಳದ ಕಿವಿಗೆ ಆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ತಾಳ್ಮೆಗೆಟ್ಟ ಅಧ್ಯಾಪಕರು ಒಂದು ದಿನ ಹುಡುಗನ ಗದ್ದಕ್ಕೆ ಕೆಳಗಿನಿಂದ ಹೊಡೆದರು. ನಾಲಗೆ ಹಲ್ಲಿಗೆ ಸಿಕ್ಕಿ ಗಾಯವಾಯಿತು. ಅಂದಿನಿಂದ ಬಾಯಿಮಾತಿನ ಅಭ್ಯಾಸವನ್ನು ಅವನು ಬಿಟ್ಟುಬಿಟ್ಟನು. ಸನ್ನೆ ಮತ್ತು ಬರವಣಿಗೆ ಎರಡರಲ್ಲಿಯೂ ಪ್ರವೀಣನಾದನು.

ಓದಿನ ಜೊತೆಗೆ ಕ್ಲೇರನು ಚಿತ್ರಕಲೆಯನ್ನೂ, ಶಾಲೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸವನ್ನೂ ಕಲಿತನು. ಮೊಳೆ ಜೋಡಣೆಗೆ ಬೇಕಾದದ್ದು ಚುರುಕು ಕಣ್ಣು, ಚುರುಕು ಕೈ ಮತ್ತು ಭಾಷೆಯ ಜ್ಞಾನ, ಕಿವಿಯಲ್ಲ. 1805ರಲ್ಲಿ ಅವನನ್ನು ಪರೀಕ್ಷಾರ್ಥವಾಗಿ ಸಹಾಯಕ ಶಿಕ್ಷಕನನ್ನಾಗಿ ತೆಗೆದುಕೊಂಡರು. 1806ರಲ್ಲಿ ಸಂಬಳದ ಉಪಾಧ್ಯಾಯ ಹುದ್ದೆ ಸಿಕ್ಕಿತು. ಕೆಲವು ವರ್ಷಗಳಲ್ಲಿ ಅತ್ಯಂತ ಮೇಲಿನ ತರಗತಿಯೇ ಅವರ ಪಾಲಿಗೆ ಬಂದಿತು. ದನ ಕಾಯುತ್ತಿದ್ದ ಹುಡುಗ ಈಗ ಪ್ಯಾರಿಸ್ಸಿನ ಸರಕಾರಿ ಸಂಸ್ಥೆಯ ಮೇಷ್ಟರು.

ಗ್ಯಾಲೊಡೆಟ್ಟರ ಭೇಟಿ

ಇದೇ ಸಮಯಕ್ಕೆ ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದ ಹಾರ್ಟ್‌ಫರ್ಡ್ ಎಂಬ ಪಟ್ಟಣದಲ್ಲಿ, ವೈದ್ಯ ಮೇಸನ್ ಕಾಗ್ಸ್‌ವೆಲ್ ಎಂಬವರು ಚಿಂತೆಯಲ್ಲಿದ್ದರು. ಅವರ ಮಗಳು ಆಲಿಸ್ ಎಳವೆಯಲ್ಲಿಯೇ ಜ್ವರದಿಂದ ಕಿವಿ ಕಳೆದುಕೊಂಡಿದ್ದಳು. ನೆರೆಮನೆಯವರಾದ ತಾಮಸ್ ಗ್ಯಾಲೊಡೆಟ್ ಎಂಬ ತರುಣ ಒಮ್ಮೆ ಈ ಬಾಲೆಗೆ ತಮ್ಮ ಹ್ಯಾಟನ್ನು ತೋರಿಸಿ, ಅದರ ಹೆಸರನ್ನು ಕೋಲಿನಿಂದ ಮಣ್ಣಿನ ಮೇಲೆ ಬರೆದರೆಂದೂ, ವಸ್ತುವಿಗೂ ಬರಹಕ್ಕೂ ಇರುವ ಸಂಬಂಧ ಆಕೆಗೆ ಹೊಳೆಯಿತೆಂದೂ ಹೇಳುತ್ತಾರೆ. ಆಲಿಸಳಂತಹ ಮಕ್ಕಳು ಆ ಸೀಮೆಯಲ್ಲಿ ಇನ್ನೂ ಎಷ್ಟೋ ಇದ್ದರು. ಅವರಿಗಾಗಿ ಇಡೀ ಅಮೆರಿಕದಲ್ಲಿ ಒಂದೂ ಸ್ಥಿರವಾದ ಶಾಲೆ ಇರಲಿಲ್ಲ. ಊರಿನವರು ಹಣ ಕೂಡಿಸಿ, ಕಲಿಸುವ ವಿಧಾನವನ್ನು ತಿಳಿದುಬರಲೆಂದು 1815ರಲ್ಲಿ ಗ್ಯಾಲೊಡೆಟ್ಟರನ್ನು ಯುರೋಪಿಗೆ ಕಳುಹಿಸಿದರು.

ಗ್ಯಾಲೊಡೆಟ್ ಮೊದಲು ಬ್ರಿಟನ್ನಿಗೆ ಹೋದರು. ಅಲ್ಲಿ ಕಿವುಡರ ಶಾಲೆಗಳನ್ನು ನಡೆಸುತ್ತಿದ್ದ ಬ್ರೇಡ್‌ವುಡ್ ಮನೆತನದವರು ತಮ್ಮ ವಿದ್ಯೆಯನ್ನು ಮನೆತನದ ಗುಟ್ಟಾಗಿ ಇಟ್ಟುಕೊಂಡಿದ್ದರು. ಅವರ ಕರಾರುಗಳು ಗ್ಯಾಲೊಡೆಟ್ಟರಿಗೆ ಒಪ್ಪಿಗೆಯಾಗಲಿಲ್ಲ. ಅದೇ ಬೇಸಗೆಯಲ್ಲಿ ಸಿಕಾರರು ಮಾಸಿಯ ಮತ್ತು ಕ್ಲೇರ್ ಅವರೊಡನೆ ಲಂಡನ್ನಿಗೆ ಬಂದಿದ್ದರು. ಸಭಿಕರು ಯಾವ ಪ್ರಶ್ನೆ ಕೇಳಿದರೂ ಶಿಷ್ಯರಿಬ್ಬರು ಹಲಗೆಯ ಮೇಲೆ ಉತ್ತರ ಬರೆಯುತ್ತಿದ್ದರು. ಇದನ್ನು ನೋಡಿದ ಗ್ಯಾಲೊಡೆಟ್ ಬೆರಗಾದರು. 1816ರಲ್ಲಿ ಪ್ಯಾರಿಸ್ಸಿಗೆ ಹೋಗಿ ಶಾಲೆಯಲ್ಲಿ ಪಾಠಗಳನ್ನು ನೋಡುತ್ತ, ಕ್ಲೇರರಿಂದ ಸನ್ನೆ ಭಾಷೆಯನ್ನು ಕಲಿಯತೊಡಗಿದರು.

ಕೆಲವು ತಿಂಗಳಲ್ಲಿ ಕಲಿತು ಮುಗಿಯುವ ವಿದ್ಯೆ ಅದಲ್ಲ ಎಂದು ಗ್ಯಾಲೊಡೆಟ್ಟರಿಗೆ ಬೇಗನೆ ಮನವರಿಕೆಯಾಯಿತು. ಹಣವೂ ಕರಗುತ್ತಿತ್ತು. ತಮ್ಮೊಡನೆ ಅಮೆರಿಕಕ್ಕೆ ಬರಬೇಕೆಂದು ಅವರು ಕ್ಲೇರರನ್ನು ಬೇಡಿಕೊಂಡರು. ಕ್ಲೇರರ ಮುಂದಿದ್ದ ಪ್ರಶ್ನೆ ಸಣ್ಣದಲ್ಲ. ಪ್ಯಾರಿಸ್ಸಿನಲ್ಲಿ ಭದ್ರವಾದ ಕೆಲಸವಿತ್ತು, ಗೆಳೆಯರಿದ್ದರು. ಹೋಗಬೇಕಾದ ದೇಶದ ಇಂಗ್ಲಿಷ್ ಭಾಷೆ ಅವರಿಗೆ ಬಾರದು. ಅಲ್ಲಿ ಶಾಲೆಯೂ ಇರಲಿಲ್ಲ, ಕಟ್ಟಡವೂ ಇರಲಿಲ್ಲ, ಸಾಕಷ್ಟು ಹಣವೂ ಇರಲಿಲ್ಲ. ಸಿಕಾರರಿಗೆ ಇವರನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಊರಿಗೆ ಹೋಗಿ ತಾಯಿಗೆ ತಿಳಿಸಿದಾಗ ಆಕೆಯೂ ಹೋಗಬೇಡವೆಂದಳು. ಆದರೆ ಅಕ್ಷರ ಕಾಣದೆ ಬೆಳೆಯುವ ಮಗುವಿನ ಸ್ಥಿತಿ ಏನೆಂಬುದನ್ನು ಹನ್ನೆರಡು ವರ್ಷ ಅನುಭವಿಸಿದವರು ಕ್ಲೇರ್. ಮೂರು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿ ಹೊರಟೇಬಿಟ್ಟರು. ಆಗ ಅವರಿಗೆ ಮೂವತ್ತು ವರ್ಷ.

1816ರ ಜೂನ್ 18ರಂದು ಹಡಗು ಫ್ರಾನ್ಸಿನ ತೀರ ಬಿಟ್ಟಿತು. ಗಾಳಿಯನ್ನೇ ನಂಬಿದ ಹಾಯಿಹಡಗು; ಪ್ರಯಾಣಕ್ಕೆ 52 ದಿನಗಳು ಹಿಡಿದವು. ಆ ದಿನಗಳನ್ನು ಇಬ್ಬರೂ ವ್ಯರ್ಥ ಮಾಡಲಿಲ್ಲ. ಕ್ಲೇರ್ ಗ್ಯಾಲೊಡೆಟ್ಟರಿಗೆ ಸನ್ನೆ ಕಲಿಸಿದರು. ಗ್ಯಾಲೊಡೆಟ್ ಕ್ಲೇರರಿಗೆ ಇಂಗ್ಲಿಷ್ ಕಲಿಸಿದರು. ಕ್ಲೇರ್ ಪ್ರತಿದಿನ ಇಂಗ್ಲಿಷಿನಲ್ಲಿ ದಿನಚರಿ ಬರೆದು ತಿದ್ದಿಸಿಕೊಳ್ಳುತ್ತಿದ್ದರು. ಆಗಸ್ಟ್ 9ರಂದು ನ್ಯೂಯಾರ್ಕಿನಲ್ಲಿ ಇಳಿಯುವ ಹೊತ್ತಿಗೆ ಆ ಭಾಷೆಯಲ್ಲಿ ಬರೆದು ವ್ಯವಹರಿಸುವಷ್ಟು ಶಕ್ತರಾಗಿದ್ದರು.

ಹಾರ್ಟ್‌ಫರ್ಡಿನ ಶಾಲೆ

ಹಾರ್ಟ್‌ಫರ್ಡಿಗೆ ಬಂದ ಕೂಡಲೇ ಕ್ಲೇರ್ ಬಾಲಕಿ ಆಲಿಸಳನ್ನು ಕಂಡರು. ಇಬ್ಬರೂ ಸನ್ನೆಗಳಲ್ಲಿ ಮಾತನಾಡತೊಡಗಿದ್ದನ್ನು ಮನೆಯವರು ನೋಡಿದರು. ಆದರೆ ಶಾಲೆ ತೆರೆಯಲು ಹಣ ಬೇಕಾಗಿತ್ತು. ಬಾಸ್ಟನ್, ನ್ಯೂಹೇವನ್, ಆಲ್ಬನಿ, ನ್ಯೂಯಾರ್ಕ್, ಫಿಲಡೆಲ್ಫಿಯ ಮೊದಲಾದ ಊರುಗಳನ್ನು ಇಬ್ಬರೂ ಸುತ್ತಿದರು. ಕ್ಲೇರ್ ಬರೆದು ತಂದ ಭಾಷಣವನ್ನು ಗ್ಯಾಲೊಡೆಟ್ ಸಭೆಯಲ್ಲಿ ಓದುತ್ತಿದ್ದರು. ಜನರ ಪ್ರಶ್ನೆಗಳಿಗೆ ಕ್ಲೇರ್ ಸ್ಥಳದಲ್ಲಿಯೇ ಉತ್ತರ ಬರೆಯುತ್ತಿದ್ದರು. ಕಿವುಡರಿಗೆ ವಿದ್ಯೆ ಏಕೆ ಎಂದು ಮೂಗು ಮುರಿಯುತ್ತಿದ್ದವರಿಗೆ ಎದುರಿಗೆ ನಿಂತ ಈ ಪಂಡಿತರೇ ಉತ್ತರವಾಗಿದ್ದರು. ದೇಣಿಗೆ ಹರಿದುಬಂದಿತು. ಕನೆಕ್ಟಿಕಟ್ ರಾಜ್ಯದ ಶಾಸನಸಭೆಯು 5,000 ಡಾಲರ್ ಮಂಜೂರು ಮಾಡಿತು.

1817ರ ಏಪ್ರಿಲ್ 15ರಂದು ಒಂದು ಹಳೆಯ ಹೋಟೆಲಿನ ಕಟ್ಟಡದಲ್ಲಿ ಏಳು ಮಂದಿ ವಿದ್ಯಾರ್ಥಿಗಳೊಡನೆ ಶಾಲೆ ಆರಂಭವಾಯಿತು. ಆಲಿಸಳೇ ಮೊದಲ ವಿದ್ಯಾರ್ಥಿನಿ. ಗ್ಯಾಲೊಡೆಟ್ ಮುಖ್ಯೋಪಾಧ್ಯಾಯರು; ಕ್ಲೇರ್ ಪ್ರಧಾನ ಅಧ್ಯಾಪಕರು. ಈ ಶಾಲೆ ಅಮೆರಿಕನ್ ಕಿವುಡರ ಶಾಲೆ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ.

ಅಲ್ಲಿಗೆ ಬಂದವರೆಲ್ಲ ಮಕ್ಕಳಾಗಿರಲಿಲ್ಲ. ಜಾನ್ ಬ್ರೂಸ್ಟರ್ ಎಂಬ ಹುಟ್ಟುಕಿವುಡ ಚಿತ್ರಕಾರರು 51ನೆಯ ವಯಸ್ಸಿನಲ್ಲಿ ಬಂದು ಸೇರಿದರು. ಊರೂರು ಅಲೆದು ಜನರ ಭಾವಚಿತ್ರ ಬರೆದು ಅವರು ಚೆನ್ನಾಗಿಯೇ ಜೀವನ ಸಾಗಿಸುತ್ತಿದ್ದರು. ಕೈಯಲ್ಲಿ ಕಲೆಯಿತ್ತು, ಸಂಪಾದನೆಯಿತ್ತು. ಆದರೂ ವಿದ್ಯೆಯ ಹಸಿವು ಹಿಂಗಿರಲಿಲ್ಲ. ಚಿಕ್ಕ ಹುಡುಗರ ಸಾಲಿನಲ್ಲಿ ಕುಳಿತು ಅವರು ಮೂರು ವರ್ಷ ಪಾಠ ಕಲಿತರು.

ಮಕ್ಕಳು ತಮ್ಮ ಮನೆಗಳಿಂದ, ಊರುಗಳಿಂದ ತಮ್ಮದೇ ಸನ್ನೆಗಳನ್ನು ತಂದಿದ್ದರು. ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ವಂಶಪಾರಂಪರ್ಯವಾಗಿ ಕಿವುಡರು ಬಹಳವಾಗಿದ್ದುದರಿಂದ ಅಲ್ಲಿ ಕಿವಿ ಕೇಳುವವರಿಗೂ ಸನ್ನೆ ಬರುತ್ತಿತ್ತು. ಆ ದ್ವೀಪದ ಮಕ್ಕಳೂ ಹಾರ್ಟ್‌ಫರ್ಡಿಗೆ ಬಂದರು. ಕ್ಲೇರ್ ತಂದ ಫ್ರೆಂಚ್ ಸನ್ನೆಗಳೂ ಮಕ್ಕಳು ತಂದ ಸನ್ನೆಗಳೂ ಬೆರೆತು ಇಂದಿನ ಅಮೆರಿಕನ್ ಸನ್ನೆ ಭಾಷೆ ಬೆಳೆಯಿತು. ಅದು ಇಂಗ್ಲಿಷಿನ ಕೈರೂಪವಲ್ಲ. ಸ್ವಂತ ವ್ಯಾಕರಣವಿರುವ ಪೂರ್ಣ ಭಾಷೆ. ಇದನ್ನು ವಿದ್ವಾಂಸ ವಿಲಿಯಂ ಸ್ಟೋಕಿ 1960ರಲ್ಲಿ ಶಾಸ್ತ್ರೀಯವಾಗಿ ತೋರಿಸಿದರು.

1818ರಲ್ಲಿ ಕ್ಲೇರ್ ರಾಜಧಾನಿ ವಾಷಿಂಗ್ಟನ್ನಿಗೆ ಹೋದರು. ಸಭಾಧ್ಯಕ್ಷ ಹೆನ್ರಿ ಕ್ಲೇ ಅವರ ಪಕ್ಕದಲ್ಲಿ ಅವರಿಗೆ ಆಸನ ದೊರೆಯಿತು. ಸದಸ್ಯರು ಕಾಗದದ ಮೇಲೆ ಪ್ರಶ್ನೆ ಬರೆದು ಅವರೊಡನೆ ಸಂಭಾಷಿಸಿದರು. ಅಧ್ಯಕ್ಷ ಮನ್ರೋ ಅವರನ್ನೂ ಕ್ಲೇರ್ ಕಂಡರು. ಇದರ ಫಲವಾಗಿ 1819ರಲ್ಲಿ ಸಂಸತ್ತು ಶಾಲೆಗೆ 23,000 ಎಕರೆಯಷ್ಟು ಭೂಮಿಯನ್ನು ದಾನ ಕೊಟ್ಟಿತು. ಅದನ್ನು ಮಾರಿ ಬಂದ ಹಣ ಶಾಲೆಯ ಮೂಲಧನವಾಯಿತು.

ಅದೇ ವರ್ಷ ಮೇ 3ರಂದು ಕ್ಲೇರ್ ತಮ್ಮ ಶಾಲೆಯಲ್ಲಿ ಕಲಿತಿದ್ದ ಎಲೈಜ ಬೋರ್ಡ್‌ಮನ್ ಎಂಬಾಕೆಯನ್ನು ಮದುವೆಯಾದರು. ಆಕೆಯೂ ಕಿವುಡೆ. ಇಬ್ಬರು ಕಿವುಡರು ಸಂಸಾರ ಹೂಡಿದರೆ ಹೇಗೆ ಎಂದು ಅಂದಿನವರು ಶಂಕಿಸುವುದಿತ್ತು. ಈ ದಂಪತಿಗಳು ಮಕ್ಕಳೊಂದಿಗರಾಗಿ ಚೆನ್ನಾಗಿ ಬಾಳಿದರು. ಮಕ್ಕಳಿಗೆ ಕಿವಿ ಕೇಳುತ್ತಿತ್ತು. ಒಬ್ಬ ಮಗ ಪಾದ್ರಿಯಾದನು. ಮೂರು ವರ್ಷಕ್ಕೆಂದು ಬಂದ ಕ್ಲೇರ್ ಅಲ್ಲಿಯೇ ನೆಲೆಸಿದರು. ತಾಯ್ನಾಡಿಗೆ ಮೂರು ಸಲ ಹೋಗಿಬಂದರು, ಅಷ್ಟೆ.

ವಿದ್ಯೆಯಿಂದ ಉದ್ಯೋಗ

ಓದು ಬಂದ ಮೇಲೆ ಹೊಟ್ಟೆಪಾಡಿನ ಪ್ರಶ್ನೆ. 1820ರ ದಶಕದಲ್ಲಿ ಶಾಲೆಗೆ ಕಸಬಿನ ಕಾರ್ಯಾಗಾರಗಳು ಸೇರಿದವು. ಹುಡುಗರು ಪಾಠದ ಹೊತ್ತು ಮುಗಿದ ಮೇಲೆ ಬೂಟು ಹೊಲಿಯುವುದು, ಮರಗೆಲಸ, ದರ್ಜಿ ಕೆಲಸಗಳನ್ನು ಕಲಿಯುತ್ತಿದ್ದರು. ಆದರೆ ಕೈಕಸಬಿಗಿಂತ ಮೇಲಿನ ಬಾಗಿಲೊಂದನ್ನು ಕ್ಲೇರರ ಉದಾಹರಣೆ ತೆರೆಯಿತು. ಅದು ಉಪಾಧ್ಯಾಯ ವೃತ್ತಿ. ಬೇರೆ ರಾಜ್ಯಗಳು ಶಾಲೆ ತೆರೆದಾಗ ಹಾರ್ಟ್‌ಫರ್ಡಿನಿಂದಲೇ ಶಿಕ್ಷಕರನ್ನು ಕೇಳುತ್ತಿದ್ದವು, ಇಲ್ಲವೆ ತಮ್ಮವರನ್ನು ಕಲಿಯಲು ಕಳುಹಿಸುತ್ತಿದ್ದವು. ಕೆಂಟಕಿಯಿಂದ ಜಾನ್ ಜೇಕಬ್ಸ್ ಎಂಬ ತರುಣನು ಕುದುರೆಯೇರಿ ದೂರದ ದಾರಿ ಸವೆಸಿ ಬಂದು ಕಲಿತು ಹೋದನು. ಫಿಲಡೆಲ್ಫಿಯದ ಶಾಲೆ ತೊಂದರೆಯಲ್ಲಿದ್ದಾಗ 1821ರಲ್ಲಿ ಕ್ಲೇರ್ ತಾವೇ ಹೋಗಿ ಕೆಲವು ತಿಂಗಳು ಅದರ ಮುಖ್ಯಸ್ಥರಾಗಿ ನಿಂತು ಸರಿಪಡಿಸಿದರು.

ಶಿಷ್ಯರು ಗುರುವಿನ ಹಾದಿ ಹಿಡಿದರು. ವಿಲಿಯಂ ವಿಲ್ಲರ್ಡ್ ಎಂಬ ಕಿವುಡ ಶಿಷ್ಯ 1843ರಲ್ಲಿ ಇಂಡಿಯಾನ ರಾಜ್ಯಕ್ಕೆ ಹೋಗಿ ಅಲ್ಲಿನ ಶಾಲೆಯನ್ನು ಸ್ಥಾಪಿಸಿದರು. ಎಡ್ಮಂಡ್ ಬೂತ್ ಎಂಬ ಇನ್ನೊಬ್ಬರು ಹಾರ್ಟ್‌ಫರ್ಡಿನಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಮುಂದೆ ಅಯೋವ ರಾಜ್ಯದಲ್ಲಿ ಪತ್ರಿಕಾ ಸಂಪಾದಕರಾದರು. 1860ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಕಿವುಡರ ಶಾಲೆಗಳು ಇಪ್ಪತ್ತಕ್ಕೂ ಹೆಚ್ಚಾಗಿದ್ದವು. ಅವುಗಳ ಅಧ್ಯಾಪಕರಲ್ಲಿ ಸುಮಾರು ಹತ್ತಕ್ಕೆ ನಾಲ್ವರು ಸ್ವತಃ ಕಿವುಡರಾಗಿದ್ದರು.

ಹಾಗೆಂದು ಎಲ್ಲವೂ ಸರಿಯಾಗಿತ್ತೆಂದು ತಿಳಿಯಬಾರದು. ಕಿವುಡ ಅಧ್ಯಾಪಕರಿಗೆ ಸಾಮಾನ್ಯವಾಗಿ ಕಿವಿ ಕೇಳುವವರಿಗಿಂತ ಸಂಬಳ ಕಡಿಮೆ. 1830ರಲ್ಲಿ ಗ್ಯಾಲೊಡೆಟ್ ಮುಖ್ಯೋಪಾಧ್ಯಾಯ ಪದವಿಯನ್ನು ಬಿಟ್ಟಾಗ, ಅನುಭವದಲ್ಲಿ ಎಲ್ಲರಿಗಿಂತ ಹಿರಿಯರು ಕ್ಲೇರ್. ಆದರೂ ಆ ಸ್ಥಾನ ಸಿಕ್ಕಿದ್ದು ಕಿವಿ ಕೇಳುವ ಲೂಯಿಸ್ ವೆಲ್ಡ್ ಅವರಿಗೆ. ತಮ್ಮಿಂದ ಸನ್ನೆ ಕಲಿತವರ ಕೈಕೆಳಗೆ ಕ್ಲೇರ್ ಇನ್ನೂ 28 ವರ್ಷ ದುಡಿದರು. ಪಾಠ ಹೇಳುವುದರಲ್ಲಿ ಒಂದು ದಿನವೂ ಉದಾಸೀನ ತೋರಲಿಲ್ಲ.

ಶಿಷ್ಯರು ಮಾತ್ರ ಗುರುಗಳನ್ನು ಮರೆಯಲಿಲ್ಲ. 1850ರ ಸೆಪ್ಟೆಂಬರಿನಲ್ಲಿ ಸುಮಾರು ಇನ್ನೂರು ಮಂದಿ ಕಿವುಡರು ಹಾರ್ಟ್‌ಫರ್ಡಿನಲ್ಲಿ ನೆರೆದರು. ಅವರ ಮುಂದಾಳಾಗಿದ್ದ ತಾಮಸ್ ಬ್ರೌನ್ ಒಬ್ಬ ರೈತರು, ಹಳೆಯ ವಿದ್ಯಾರ್ಥಿ. ತಮ್ಮತಮ್ಮ ದುಡಿಮೆಯ ಹಣದಿಂದ ಮಾಡಿಸಿದ ಬೆಳ್ಳಿಯ ಹೂಜಿಗಳನ್ನು ಗ್ಯಾಲೊಡೆಟ್ ಮತ್ತು ಕ್ಲೇರ್ ಇಬ್ಬರಿಗೂ ಅರ್ಪಿಸಿದರು. ಅಕ್ಷರವಿಲ್ಲದೆ ಮನೆಯ ಮೂಲೆಯಲ್ಲಿ ಉಳಿಯಬೇಕಾಗಿದ್ದವರು ಸ್ವಂತ ಗಳಿಕೆಯಿಂದ ಕೊಟ್ಟ ಗುರುದಕ್ಷಿಣೆ ಅದು. ಮರುವರ್ಷವೇ ಗ್ಯಾಲೊಡೆಟ್ ತೀರಿಕೊಂಡರು.

ಕೊನೆಯ ದಿನಗಳು

1858ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಕ್ಲೇರ್ ನಿವೃತ್ತರಾದರು. ಆದರೂ ಶಾಲೆಗೆ ಬಂದುಹೋಗುವುದನ್ನು ಬಿಡಲಿಲ್ಲ. 1864ರಲ್ಲಿ ಅವರಿಗೆ ಇನ್ನೊಂದು ಭಾಗ್ಯ ಒದಗಿತು. ಗ್ಯಾಲೊಡೆಟ್ಟರ ಕಿರಿಯ ಮಗ ಎಡ್ವರ್ಡ್ ಅವರು ವಾಷಿಂಗ್ಟನ್ನಿನಲ್ಲಿ ಕಿವುಡರಿಗಾಗಿ ಕಾಲೇಜನ್ನು ಸ್ಥಾಪಿಸಿದರು. ಪದವಿ ನೀಡುವ ಅಧಿಕಾರ ಕೊಡುವ ಶಾಸನಕ್ಕೆ ಏಪ್ರಿಲ್ 8ರಂದು ಸಹಿ ಹಾಕಿದವರು ಅಬ್ರಹಾಂ ಲಿಂಕನ್. ಜೂನ್ ತಿಂಗಳ ಉದ್ಘಾಟನೆಗೆ 78 ವರ್ಷದ ಕ್ಲೇರ್ ಪ್ರಯಾಣ ಮಾಡಿ ಬಂದು ಸಭೆಯಲ್ಲಿ ಭಾಗವಹಿಸಿದರು. ಅದೇ ಇಂದಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯ.

1869ರ ಜೂನಿನಲ್ಲಿ ಆ ಕಾಲೇಜಿನ ಮೊದಲ ಪೂರ್ಣ ತಂಡದ ಮೂವರು ಪದವೀಧರರು ಹೊರಬಂದರು. ಅವರಲ್ಲಿ ಒಬ್ಬರು ಮುಂದೆ ಸರಕಾರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡಿದರು. ಇನ್ನೊಬ್ಬರಾದ ಜಾನ್ ಹಾಚ್ಕಿಸ್ ಅದೇ ಕಾಲೇಜಿನ ಪ್ರಾಧ್ಯಾಪಕರಾದರು. ಒಂದು ತಿಂಗಳು ಕಳೆಯುವಷ್ಟರಲ್ಲಿ, ಜುಲೈ 18ರಂದು, ಕ್ಲೇರ್ ಹಾರ್ಟ್‌ಫರ್ಡಿನಲ್ಲಿ ಕಣ್ಣು ಮುಚ್ಚಿದರು. ಅವರಿಗೆ 83 ವರ್ಷವಾಗಿತ್ತು. ಹಾಚ್ಕಿಸ್ ಬಾಲಕರಾಗಿ ಹಾರ್ಟ್‌ಫರ್ಡಿನಲ್ಲಿ ಓದುತ್ತಿದ್ದಾಗ ಮುದುಕರಾದ ಕ್ಲೇರರನ್ನು ಕಂಡಿದ್ದರು. ಆ ನೆನಪುಗಳನ್ನು ಅವರು ಸನ್ನೆ ಭಾಷೆಯಲ್ಲಿ ಹೇಳಿದ ಚಲನಚಿತ್ರವೊಂದು 1913ರಲ್ಲಿ ತಯಾರಾಯಿತು. ಅದು ಇಂದಿಗೂ ಉಳಿದಿದೆ.

ಅವರ ನಂತರ

ಕ್ಲೇರ್ ತೀರಿಕೊಂಡು ಹನ್ನೊಂದು ವರ್ಷಗಳಲ್ಲಿ ಅವರ ಕೆಲಸಕ್ಕೆ ದೊಡ್ಡ ಪೆಟ್ಟು ಬಿದ್ದಿತು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಎಂದು ನಿರ್ಣಯವಾಯಿತು. ಸೇರಿದ್ದ 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ಯಾರ ಬಾಳಿನ ಪ್ರಶ್ನೆಯೋ ಅವರನ್ನು ಹೊರಗಿಟ್ಟು ತೀರ್ಮಾನ ನಡೆಯಿತು. ಬಾಯಿಮಾತು ಕಲಿಸಲು ಕಿವಿ ಕೇಳುವ ಶಿಕ್ಷಕರೇ ಬೇಕೆಂದು ಕಿವುಡ ಅಧ್ಯಾಪಕರನ್ನು ದೂರವಿಟ್ಟರು. ಕ್ಲೇರ್ ತೆರೆದಿದ್ದ ಉದ್ಯೋಗದ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ತರಗತಿಯಲ್ಲಿ ಕೈಯಾಡಿಸಿದ ಮಕ್ಕಳಿಗೆ ಎಷ್ಟೋ ಕಡೆ ಶಿಕ್ಷೆ ಕೊಡುತ್ತಿದ್ದರು.

ಆದರೂ ಕಿವುಡರು ಸುಮ್ಮನೆ ಕೂರಲಿಲ್ಲ. ಅದೇ 1880ರಲ್ಲಿ ಅಮೆರಿಕದ ಕಿವುಡರು ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. 1988ರಲ್ಲಿ ಗ್ಯಾಲೊಡೆಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಚಳವಳಿ ಹೂಡಿ, ಐ. ಕಿಂಗ್ ಜೋರ್ಡನ್ ಎಂಬ ಕಿವುಡ ವಿದ್ವಾಂಸರನ್ನು ಅಧ್ಯಕ್ಷರನ್ನಾಗಿ ಪಡೆದರು. 1830ರಲ್ಲಿ ಕ್ಲೇರರಿಗೆ ತಪ್ಪಿದ ಮುಖ್ಯಸ್ಥನ ಪೀಠ ಹೀಗೆ ಮುಂದಿನ ತಲೆಮಾರಿನ ಒಬ್ಬರಿಗೆ ದಕ್ಕಿತು. ಮಿಲಾನಿನ ನಿರ್ಣಯಗಳು ತಪ್ಪೆಂದು ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನವೇ 2010ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಒಪ್ಪಿಕೊಂಡಿತು.

ನಮ್ಮ ದೇಶದಲ್ಲಿಯೂ ದಾರಿ ತೆರೆದಿದೆ ಎಂಬುದನ್ನು ಪೋಷಕರು ತಿಳಿದಿರಬೇಕು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದು ಸ್ಥಾಪನೆಯಾಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಸರಕಾರಿ ಹುದ್ದೆಗಳಲ್ಲಿ ಶೇಕಡಾ 4ರಷ್ಟನ್ನು ಅಂಗವಿಕಲರಿಗೆ ಮೀಸಲಿಟ್ಟಿದೆ. ಅದರಲ್ಲಿ ಶೇಕಡಾ 1ರಷ್ಟು ಕಿವುಡರಿಗೂ ಕಿವಿ ಮಂದವಾಗಿರುವವರಿಗೂ ಸಲ್ಲುತ್ತದೆ. ಸರಕಾರಿ ಮತ್ತು ಅನುದಾನಿತ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಅಂಗವಿಕಲರಿಗೆ ಶೇಕಡಾ 5ರಷ್ಟು ಸ್ಥಾನಗಳಿವೆ. ನಮ್ಮ ಕೇರಳದ ತಿರುವನಂತಪುರದಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಯು ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ ಕಂಪ್ಯೂಟರ್ ವಿಜ್ಞಾನ, ವಾಣಿಜ್ಯ, ಚಿತ್ರಕಲೆಗಳಲ್ಲಿ ಪದವಿ ತರಗತಿಗಳನ್ನು ತೆರೆದಿದೆ. ಆದರೆ ಮೀಸಲು ಹುದ್ದೆ ಸಿಗುವುದು ಓದಿದವರಿಗೆ. ಓದಲು ಮೊದಲು ಒಂದು ಭಾಷೆ ಬೇಕು. ಆ ಭಾಷೆ ಕಿವಿಯಿಂದ ಬರಲಾರದಾದರೆ ಕಣ್ಣಿನಿಂದ ಬರಬೇಕು. ಅದೂ ಎಳವೆಯಲ್ಲಿಯೇ ಬರಬೇಕು.

ಊರಿನಲ್ಲಿ, ನೆರೆಮನೆಯಲ್ಲಿ ಕಿವಿ ಕೇಳದ ಮಗುವಿದ್ದರೆ ಅದನ್ನು ಮೂಗನೆಂದು ಅಣಕಿಸುವುದು ಸಲ್ಲದು. ಅದರ ಕಣ್ಣಿಗೆ ಕಾಣುವಂತೆ ಎದುರಿಗೆ ನಿಂತು ಮಾತನಾಡುವುದು, ಬರೆದು ತೋರಿಸುವುದು, ಅದರ ಸನ್ನೆಗಳನ್ನು ನಾವೂ ಕಲಿಯುವುದು ಯಾವ ವಿದ್ಯಾರ್ಥಿಗಾದರೂ ಆಗುವ ಕೆಲಸ. ತಂದೆತಾಯಿಗಳು ತಡಮಾಡದೆ ಮಗುವಿನ ಶ್ರವಣ ಪರೀಕ್ಷೆ ಮಾಡಿಸಿ ಅದನ್ನು ಶಾಲೆಗೆ ಸೇರಿಸಬೇಕು. ಲಾ ಬಾಲ್ಮ್ ಊರಿನ ಹುಡುಗನಿಗೆ ಹನ್ನೆರಡು ವರ್ಷ ವ್ಯರ್ಥವಾಯಿತು. ಅವನ ಹಿರಿಯರು ಅಷ್ಟಕ್ಕಾದರೂ ಎಚ್ಚೆತ್ತು ಅವನನ್ನು ಪ್ಯಾರಿಸ್ಸಿಗೆ ಕರೆದೊಯ್ದದ್ದರಿಂದ ಒಂದು ದೇಶದ ಕಿವುಡ ಮಕ್ಕಳಿಗೆಲ್ಲ ಗುರು ದೊರೆತರು.